ಸಭಾಕಂಪನದ ಗುರುಪಾದಯ್ಯ

ಎಂ.ಎ. ಮನಃಶಾಸ್ತ್ರದ ನಿಯಮಾವಳಿ ಕಠಿಣವಾಗಿದೆ ಎಂಬುದು ಸಂಗನಬಸವನ ದೂರಾಗಿರಲಿಲ್ಲ. ಅದು ತನಗೂ ಅನ್ವಯಿಸುತ್ತದೆ ಎಂಬುದೇ ಅವನ ಸಿಟ್ಟಿಗೆ ಕಾರಣ.

ವಿಜಯಪುರದ ಸ್ಟೇಶನ್ ರಸ್ತೆಯ ಒಂದು ಮಹಡಿಯ ಮೇಲೆ ಅವನು ಹಲವು ವರ್ಷಗಳಿಂದ ವ್ಯಕ್ತಿತ್ವ ವಿಕಸನ ತರಗತಿ ನಡೆಸುತ್ತಿದ್ದ. ಪೊಲೀಸ್ ಪರೀಕ್ಷೆಗೆ ಓದುವವರಿಗೆ ಆತ್ಮವಿಶ್ವಾಸ, ವಿಮೆ ಏಜೆಂಟರಿಗೆ ನಗುಮುಖ, ಮದುವೆಯಾಗದ ಹುಡುಗರಿಗೆ ಎರಡನ್ನೂ ಹೇಳಿಕೊಡುತ್ತಿದ್ದ. ಮುಖ ನೋಡಿಯೇ ಮನಸ್ಸು ಓದುತ್ತೇನೆ ಎಂದು ಕರಪತ್ರದಲ್ಲಿ ಅಚ್ಚು ಹಾಕಿಸಿದ್ದ. ಅದನ್ನು ನಂಬಿದವರಲ್ಲಿ ಅವನೇ ಮೊದಲಿಗ.

ಟಿಕೋಟಾ ಹತ್ತಿರದ ಒಂದು ವಸತಿ ಶಾಲೆಯವರೂ ನಂಬಿದರು. ಮಕ್ಕಳ ಆಪ್ತಸಮಾಲೋಚಕರಾಗಿ ಬನ್ನಿ ಎಂದು ಕರೆದರು. ಸಂಬಳವಿತ್ತು, ಇರಲು ಮನೆಯಿತ್ತು, ಬಾಗಿಲ ಮೇಲೆ ಹೆಸರಿನ ಫಲಕವಿತ್ತು. ಷರತ್ತು ಒಂದೇ: ಮನಃಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಬೇಕು. ಎರಡು ವರ್ಷ ಕಾಯುತ್ತೇವೆ ಎಂದರು.

ಪ್ರವೇಶ ಸುಲಭವಾಯಿತು. ಬಿ.ಎ.ಯಲ್ಲಿ ಮನಃಶಾಸ್ತ್ರ ಐಚ್ಛಿಕ ವಿಷಯವಾಗಿರಬೇಕು ಎಂದು ನಿಯಮವಿತ್ತು. ಇತಿಹಾಸದ ತರಗತಿ ಊಟದ ನಂತರ ಬರುತ್ತಿದ್ದುದರಿಂದ ಅವನು ಹಿಂದೊಮ್ಮೆ ಮನಃಶಾಸ್ತ್ರವನ್ನೇ ಆರಿಸಿದ್ದ. ಅಂಕಗಳು ಅರ್ಧ ದಾಟಿರಬೇಕಿತ್ತು, ದಾಟಿದ್ದವು. ಪ್ರವೇಶ ಪರೀಕ್ಷೆಯಲ್ಲಿ ಗಂಟೆಯ ಸದ್ದಿಗೆ ಜೊಲ್ಲು ಸುರಿಸುವ ನಾಯಿಯ ಬಗ್ಗೆ ಕೇಳಿದರು. ಅದಕ್ಕೆ ಅವನು ಎಷ್ಟು ಚೆನ್ನಾಗಿ ಉತ್ತರಿಸಿದನೆಂದರೆ ಹೊರಬಂದ ಮೇಲೂ ಎದುರಿಗೆ ಸಿಕ್ಕವರಿಗೆಲ್ಲ ವಿವರಿಸಿದ. ಸಂದರ್ಶನದಲ್ಲಿ ಈ ಕೋರ್ಸ್ ಯಾಕೆ ಎಂದರು. ಜನರಿಗೆ ನೆರವಾಗಲು ಎಂದ. ಎಲ್ಲರೂ ಹಾಗೆಯೇ ಹೇಳುತ್ತಾರೆ, ಸಂದರ್ಶಕರೂ ಎಲ್ಲರಿಗೂ ತಲೆಯಾಡಿಸುತ್ತಾರೆ.

ಮೂರು ಸೆಮಿಸ್ಟರ್ ಬಾಯಿಪಾಠದ ಮೇಲೆ ಕಳೆದವು. ನಾಲ್ಕನೆಯದರಲ್ಲಿ ನಿಯಮಾವಳಿ ತನ್ನ ಹಲ್ಲು ತೋರಿಸಿತು. ಪ್ರತಿ ವಿದ್ಯಾರ್ಥಿಯೂ ಒಬ್ಬ ನಿಜವಾದ ವ್ಯಕ್ತಿಯ ಜೊತೆ ಎಂಟು ಬಾರಿ ಕುಳಿತು ಸಮಾಲೋಚನೆ ನಡೆಸಿ ಅದನ್ನು ಬರೆಯಬೇಕು. ಮೌಖಿಕ ಪರೀಕ್ಷೆಯ ದಿನ, ಆ ವ್ಯಕ್ತಿ ಒಪ್ಪಿದರೆ, ಹೊರಗಿನಿಂದ ಬಂದ ಪರೀಕ್ಷಕರು ಅವನನ್ನು ಮಾತಾಡಿಸುತ್ತಾರೆ. ಬರೆದದ್ದು ಕಟ್ಟುಕತೆ ಎಂದು ತಿಳಿದರೆ ನೋಂದಣಿಯೇ ರದ್ದು.

ಸಂಗನಬಸವ ನಿಜವಾದ ವ್ಯಕ್ತಿಯನ್ನು ಹುಡುಕಲಿಲ್ಲ ಎಂದಲ್ಲ. ನಿದ್ದೆ ಬರುವುದಿಲ್ಲ ಎಂದು ಅರಕೇರಿಯಿಂದ ಒಬ್ಬ ಮಾಸ್ತರ ಬಂದಿದ್ದರು. ಸಂಗನಬಸವ ಒಂದು ತಾಸು ಬಿಡದೆ ಮಾತಾಡಿದ. ಮಾಸ್ತರ ಕುರ್ಚಿಯಲ್ಲೇ ನಿದ್ದೆ ಹೋದರು. ಇದನ್ನು ಯಶಸ್ಸೆಂದು ಬರೆಯಬಹುದಿತ್ತು, ಆದರೆ ಅವರು ಮತ್ತೆ ಬರಲಿಲ್ಲ.

ಮಾರ್ಗದರ್ಶಕಿ ಡಾ. ರಾಜೇಶ್ವರಿ ಅವನನ್ನು ಕರೆಸಿದರು.

"ಸಂಗನಬಸವ ಅವರ, ನೀವು ಹೇಳಾಕ ಭಾಳ ಶಾಣ್ಯಾ ಇದ್ದೀರಿ. ಕೇಳಾಕ ಯಾವಾಗ ಕಲೀತೀರಿ?"

"ನನಗ ಕೇಳೂದ ಬೇಕಾಗೂದಿಲ್ರಿ ಮೇಡಂ. ನೋಡಿದ್ರನ ತಿಳೀತೈತಿ."

"ಹಂಗಾರ ಸುಮಂಗಲಾನ್ನ ನೋಡ್ರಿ. ಹೊನವಾಡಕ್ಕ ಬಸ್ ಹತ್ತಿ ಹೋಗಿ ಒಬ್ಬಾಕಿ ಮುದುಕಿ ಜೋಡಿ ಕುಂದ್ರಾಕತ್ತಾಳ. ಮೊದಲಿನ ಎರಡ ಸಲ ಆ ಮುದುಕಿ ಮಾತಾಡಲೇ ಇಲ್ಲಂತ. ಈಕೀನೂ ಸುಮ್ಮನ ಕುಂತು ಬಂದಾಳ."

ಸುಮ್ಮನೆ ಕುಳಿತು ಬರಲು ಯಾರಾದರೂ ಬಸ್ ಚಾರ್ಜು ಕೊಡುತ್ತಾರೆಯೇ ಎಂದು ಸಂಗನಬಸವನಿಗೆ ಅನಿಸಿತು. ಆದರೆ ಸಹಪಾಠಿ ಸುಮಂಗಲಾ ನಗಣ್ಯಳಲ್ಲ. ಶಾಲೆಯವರ ಎರಡನೆಯ ಆಯ್ಕೆ ಅವಳೇ. ಅವನ ಪದವಿ ತಪ್ಪಿದರೆ ಫಲಕದ ಮೇಲೆ ಅವಳ ಹೆಸರು ಬರುತ್ತದೆ. ಇತ್ತ ಅವನೋ ಪೇಂಟರ್ ಲಾಡಲೇಸಾಬನಿಂದ ಸ್ಟೇಶನ್ ರಸ್ತೆಯ ಬೋರ್ಡಿಗೆ ಹೆಸರಿನ ಮುಂದೆ 'ಎಂ.ಎ. (ಮನಃಶಾಸ್ತ್ರ)' ಎಂದು ಆಗಲೇ ಬರೆಸಿ, ಅದರ ಮೇಲೆ ಹಳೆಯ ಪೇಪರು ಅಂಟಿಸಿದ್ದ.

ಉಪಾಯ ಹೊಳೆದದ್ದು ಬಬಲೇಶ್ವರದಲ್ಲಿ. ಅಲ್ಲಿನ ಗೆಳೆಯರ ಬಳಗದವರು ನಾಟಕ ಆಡಿಸಿದ್ದರು. ಘೋಣಸಗಿಯ ಗೊಲ್ಲಾಳಪ್ಪ ಎಂಬ ಹಿರಿಯ ನಟ ಸಾಯುವ ತಂದೆಯ ಪಾತ್ರದಲ್ಲಿದ್ದ. ಹಗಲು ದ್ರಾಕ್ಷಿ ತೋಟದಲ್ಲಿ ಕೆಲಸ, ಸೀಸನ್ ಬಂದರೆ ಬಣ್ಣ. ಅವನು ಏದುಸಿರು ಬಿಡುತ್ತಾ ಮಗನ ಹೆಸರು ಕರೆದಾಗ ಸಭೆಯೆಲ್ಲ ಮೂಗು ಒರೆಸಿಕೊಂಡಿತು. ಸಂಗನಬಸವ ತನಗೇ ಆಶ್ಚರ್ಯವಾಗುವಂತೆ ಮೆಚ್ಚುಗೆಯ ಆಯೇರ ಎಂದು ನೂರರ ನೋಟನ್ನು ರಂಗದ ಮೇಲೆ ಕಳಿಸಿದ. ಸಾಯುತ್ತಿದ್ದ ತಂದೆ ವಾಡಿಕೆಯಂತೆ ಎದ್ದು ಕೂತು, ನೋಟು ಕೊಟ್ಟ ವಿಜಯಪುರದ ಸಂಗನಬಸವ ಸರ್ ಅವರ ಹೆಸರನ್ನು ಊರಿಗೆಲ್ಲ ಕೇಳುವಂತೆ ಹೇಳಿ, ಮತ್ತೆ ಮಲಗಿ, ಅದೇ ಉಸಿರಿನ ಅದೇ ತುಂಡಿನಿಂದ ಸಾವು ಮುಂದುವರಿಸಿದ.

ಎಂಥ ಹಿಡಿತ ಎಂದುಕೊಂಡ ಸಂಗನಬಸವ. ಇಂಥವನು ಯಾವ ಪರೀಕ್ಷಕರ ಮುಂದೂ ಅಳುಕುವುದಿಲ್ಲ.

ಮನೆ ಮುಟ್ಟುವಷ್ಟರಲ್ಲಿ ಯೋಜನೆ ಸಿದ್ಧವಾಗಿತ್ತು. ಮೊದಲ ಪ್ರಶ್ನೆ, ರೋಗಿಗೆ ಯಾವ ತೊಂದರೆ ಇರಬೇಕು? ದಡ್ಡ ಅಪರಾಧಿ ದೊಡ್ಡ ರೋಗ ಆರಿಸುತ್ತಾನೆ, ಮಾತು ಹೆಚ್ಚಾಗಿ ಸಿಕ್ಕಿಬೀಳುತ್ತಾನೆ. ಸಂಗನಬಸವ ಸಭಾಕಂಪನ ಆರಿಸಿದ. ನಾಲ್ಕು ಜನರೆದುರು ಬಾಯಿ ಬಿಡಲಾಗದ ಮನುಷ್ಯ. ಅವನು ಕಡಿಮೆ ಮಾತಾಡಿದಷ್ಟೂ ಸಹಜ, ತಡವರಿಸಿದಷ್ಟೂ ಸಾಕ್ಷಿ. ಆ ಮನುಷ್ಯನಿಗೆ ಗುರುಪಾದಯ್ಯ ಎಂದು ಹೆಸರಿಟ್ಟ. ಬಬಲೇಶ್ವರದ ಗೊಬ್ಬರದ ಅಂಗಡಿಯಲ್ಲಿ ಗುಮಾಸ್ತನ ಕೆಲಸ ಕೊಟ್ಟ. ಮಗಳ ಮದುವೆಯಲ್ಲಿ ಬೀಗರನ್ನು ಸ್ವಾಗತಿಸಲಾಗದೆ ಕೊಟ್ಟಿಗೆಯಲ್ಲಿ ಅಡಗಿದ ಪ್ರಸಂಗ ಕಟ್ಟಿದ. ವರದಿಯಲ್ಲಿ ವ್ಯಕ್ತಿಯ ನಿಜನಾಮ ಬರೆಯಬಾರದು ಎಂದು ನಿಯಮವೇ ಹೇಳುತ್ತಿತ್ತು. ಗೋಪ್ಯತೆಯ ಆ ಕಲಮನ್ನು ಯಾರೋ ಅವನಿಗಾಗಿಯೇ ಬರೆದಂತಿತ್ತು.

ಎರಡನೆಯದು, ನಟನಿಗೆ ಏನು ಹೇಳಬೇಕು? ನಿಜ ಹೇಳಿದರೆ ಅವನು ಪಾಲುದಾರನಾಗುತ್ತಾನೆ, ಪಾಲುದಾರನಿಗೆ ಒಂದು ದಿನ ಮನಸ್ಸಾಕ್ಷಿ ಹುಟ್ಟುತ್ತದೆ. ಆದ್ದರಿಂದ ಇದೊಂದು ಅಭಿನಯದ ಪರೀಕ್ಷೆ, ತಾನು ಕಲಿಸಿದ ಪಾತ್ರವನ್ನು ಪರೀಕ್ಷಕರು ನೋಡುತ್ತಾರೆ ಎಂದಷ್ಟೇ ಹೇಳಿದ. ಗೊತ್ತಿಲ್ಲದವನು ಬಾಯಿ ಬಿಡಲಾರ.

ಮೂರನೆಯದು ಸಂಭಾವನೆ. ನೋಟು ಕೈಬದಲಾಗುವುದನ್ನು ಯಾರಾದರೂ ನೋಡಬಹುದು. ಹಣವನ್ನೆಲ್ಲ ಮುಂಗಡವಾಗಿ, ಅವನ ಸೊಸೆಯ ಮೊಬೈಲಿಗೆ ಹಾಕಿದ. ಗೊಲ್ಲಾಳಪ್ಪನ ಕೈಗೆ ಒಂದು ರೂಪಾಯಿಯನ್ನೂ ಮುಟ್ಟಿಸಲಿಲ್ಲ.

ತಾಲೀಮು ಟಿಕೋಟಾ ಹೊರಗಿನ ಒಂದು ಖಾಲಿ ಮಣೂಕದ ಶೆಡ್ಡಿನಲ್ಲಿ ನಡೆಯಿತು. ದ್ರಾಕ್ಷಿ ಒಣಗಿಸುವ ಬಲೆಗಳ ನಡುವೆ ಎರಡು ಕುರ್ಚಿ ಹಾಕಿದ್ದ. ಮೊದಲ ದಿನ ಗೊಲ್ಲಾಳಪ್ಪನ ಪಿಸುಮಾತು ರಸ್ತೆಯವರೆಗೆ ಕೇಳಿಸಿತು.

"ದನಿ ಇಳಸ್ರಿ ಕಾಕಾ. ಇನ್ನಾ ಇಳಸ್ರಿ."

"ಹಿಂದಿನ ಸಾಲಿನವ್ರಿಗೆ ಕೇಳಂಗಿಲ್ಲಲ್ರಿ ಸರ್."

"ಹಿಂದಿನ ಸಾಲ ಇಲ್ರಿ ಮಾರಾಯಾ. ಇಬ್ರ ಇರ್ತಾರ ನೋಡವ್ರು."

"ಇಬ್ರ?" ಗೊಲ್ಲಾಳಪ್ಪನ ಮುಖ ಬಾಡಿತು. "ಇರ್ಲಿ ತಗೋರಿ. ಕಡೀಕ ಸಾಯೂದೈತೇನ್ರಿ?"

"ಇಲ್ಲ. ಈ ಸಲ ಆರಾಮ ಆಕ್ಕೀರಿ. ಪೂರಾ ಅಲ್ಲ, ಅರ್ಧಾ."

"ಅರ್ಧಾ ಆರಾಮ ಆಗೂದು ಭಾಳ ಕಠಿಣ ಪಾತ್ರ ಬಿಡ್ರಿ. ಕಣ್ಣೀರ?"

"ಒಂದ ಹನಿ."

"ಯಾವ ಕಣ್ಣಾಗ್ರಿ?"

ಸಂಗನಬಸವ ಅವನನ್ನು ದಿಟ್ಟಿಸಿದ. ಗೊಲ್ಲಾಳಪ್ಪ ತಮಾಷೆ ಮಾಡುತ್ತಿರಲಿಲ್ಲ. "ಎಡಗಣ್ಣಾಗ," ಎಂದ ಸಂಗನಬಸವ. ಅದು ಎಡಗಣ್ಣಿನಲ್ಲೇ ಬಂತು.

ಕೊನೆಯ ತಾಲೀಮಿನ ದಿನ ಗೊಲ್ಲಾಳಪ್ಪ ಹೆಗಲ ಮೇಲಿನ ಟವೆಲ್ಲು ಸರಿಮಾಡಿಕೊಳ್ಳುತ್ತಾ ಹೇಳಿದ: "ಸರ್, ಒಂದ ಮಾತ ಕೇಳೂದಿತ್ರಿ. ನಡುವ ಯಾರರ ಮೆಚ್ಚಿದ್ರ..."

"ಯಾರೂ ಮೆಚ್ಚಂಗಿಲ್ಲ ಕಾಕಾ. ಪರೀಕ್ಷಾದಾಗ ಮೆಚ್ಚು ಪದ್ಧತಿ ಇಲ್ಲ."

"ಅಲ್ರಿ, ಅಕಸ್ಮಾತ್..."

"ಕಾಕಾ, ನೀವು ಪಾತ್ರ ನೋಡ್ಕೋರಿ. ಉಳದದ್ದು ನಾ ನೋಡ್ಕೋತೀನಿ."

ಮಾತು ಮೊಟಕುಗೊಳಿಸುವುದು ತರಬೇತಿಯ ಭಾಗ ಎಂದು ಸಂಗನಬಸವ ವ್ಯಕ್ತಿತ್ವ ವಿಕಸನ ತರಗತಿಯಲ್ಲೂ ಹೇಳುತ್ತಿದ್ದ.

ವರದಿಯನ್ನು ಅವನು ಪ್ರೀತಿಯಿಂದ ಬರೆದ. ಎಲ್ಲ ಭೇಟಿಗಳಲ್ಲೂ ಸುಧಾರಣೆ ತೋರಿಸಿದರೆ ಸಂಶಯ ಬರುತ್ತದೆ. ಹಾಗಾಗಿ ಆರನೆಯ ಭೇಟಿಯಲ್ಲಿ ಗುರುಪಾದಯ್ಯನನ್ನು ಮತ್ತೆ ಕೊಟ್ಟಿಗೆಗೆ ಓಡಿಸಿದ. ರಾಜೇಶ್ವರಿ ಮೇಡಂ ಆ ಪುಟವನ್ನು ಎರಡು ಸಲ ಓದಿ, "ನೀವು ಸೋತದ್ದನ್ನ ನೀವ ಬರದದ್ದು ಇದ ಮೊದಲ ನೋಡ್ರಿ. ಚಲೋ ಆತು," ಎಂದರು. ಸಂಗನಬಸವ ವಿನಯದಿಂದ ತಲೆ ತಗ್ಗಿಸಿದ. ಕಟ್ಟುಕತೆಯಲ್ಲಿ ಸೋಲಲು ಅವನಿಗೆ ಯಾವ ಅಭ್ಯಂತರವೂ ಇರಲಿಲ್ಲ.

ನಿಯಮಾವಳಿಯನ್ನು ಇನ್ನೊಮ್ಮೆ ಓದಿದ. ಎಲ್ಲ ಕಲಮುಗಳಿಗೂ ಉತ್ತರವಿತ್ತು. ಕೊನೆಯ ಪುಟದಲ್ಲಿ, ಪರೀಕ್ಷೆಗೆ ಬಂದ ವ್ಯಕ್ತಿಯನ್ನು ಹೇಗೆ ಉಪಚರಿಸಬೇಕು, ಹೇಗೆ ಕಳಿಸಿಕೊಡಬೇಕು ಎಂಬ ವಿವರವಿತ್ತು. ಶಿಷ್ಟಾಚಾರಕ್ಕೆ ಅಂಕಗಳಿರಲಿಲ್ಲವಾದ್ದರಿಂದ ಅವನು ಆ ಪುಟ ಓದಲಿಲ್ಲ.

ಪರೀಕ್ಷಕಿಯಾಗಿ ಬಂದವರು ವಿದ್ಯಾವತಿ ಎಂಬ ಹಿರಿಯ ಪ್ರಾಧ್ಯಾಪಕಿ, ಮೈಸೂರು ಕಡೆಯವರು. ಬಬಲೇಶ್ವರ ಸುತ್ತಿನ ನಾಟಕಗಳನ್ನು ಅವರು ನೋಡಿರುವ ಸಂಭವವೇ ಇರಲಿಲ್ಲ. ಅವರ ಪಕ್ಕದಲ್ಲಿ ರಾಜೇಶ್ವರಿ ಕುಳಿತಿದ್ದರು. ಬಾಗಿಲು ತೆರೆದಿತ್ತು. ಹೊರಗಿನ ಬೆಂಚಿನಲ್ಲಿ ಸುಮಂಗಲಾ, ಹೊನವಾಡದ ಅವಳ ಮುದುಕಿ ಪರಸವ್ವ ಮತ್ತು ಉಳಿದ ವಿದ್ಯಾರ್ಥಿಗಳು ಸರದಿ ಕಾಯುತ್ತಿದ್ದರು.

ಗೊಲ್ಲಾಳಪ್ಪ ಒಳಗೆ ಬಂದದ್ದೇ ಒಂದು ದೃಶ್ಯ. ಬಾಗಿಲಲ್ಲಿ ನಿಂತ, ಹಿಂದೆ ನೋಡಿದ, ಓಡಿಹೋಗಲೋ ಎಂಬಂತೆ ಚಪ್ಪಲಿ ಹುಡುಕಿದ. ಆಮೇಲೆ ಕುರ್ಚಿಯ ಅಂಚಿನಲ್ಲಿ ಮೈಮುದುಡಿ ಕೂತ. ಬೆರಳುಗಳು ಸಣ್ಣಗೆ ನಡುಗುತ್ತಿದ್ದವು.

"ಗುರುಪಾದಯ್ಯನವರೇ, ನಿಧಾನವಾಗಿ ಹೇಳಿ. ಹೇಳೋಕೆ ಇಷ್ಟ ಇಲ್ಲದಿದ್ದರೆ ಬೇಡ," ಎಂದರು ವಿದ್ಯಾವತಿ. "ಜನರ ಮುಂದೆ ನಿಂತಾಗ ಏನಾಗುತ್ತೆ ನಿಮಗೆ?"

ಈ ಪ್ರಶ್ನೆ ತಾಲೀಮಿನಲ್ಲಿ ಇರಲಿಲ್ಲ.

ಗೊಲ್ಲಾಳಪ್ಪ ಬಹಳ ಹೊತ್ತು ನೆಲ ನೋಡಿದ. "ಬಾಯಾಗ ಮಾತ ಇರ್ತಾವ್ರಿ ಯವ್ವಾ," ಎಂದ, ಕೇಳಿಯೂ ಕೇಳದ ದನಿಯಲ್ಲಿ. "ಮಂದಿ ಕಣ್ಣ ಅವನ್ನ ನುಂಗಿ ಬಿಡ್ತಾವ್ರಿ. ಮಗಳ ಮದವ್ಯಾಗ ಬೀಗರು ಬಾಗಲದಾಗ ನಿಂತಿದ್ರು. 'ಬರ್ರಿ' ಅನ್ನೂದೊಂದ ಮಾತ್ರಿ. ಅದೂ ಬರ್ಲಿಲ್ಲ." ಎಡಗಣ್ಣಿನಿಂದ ಒಂದು ಹನಿ ಇಳಿಯಿತು. "ಈಗ ಅಂಗಡ್ಯಾಗ ಒಬ್ಬರ ಜೋಡಿ ಮಾತಾಡ್ತೀನ್ರಿ. ಈ ಸರ್ ಕಲಿಸ್ಯಾರ."

ವಿದ್ಯಾವತಿ ಕನ್ನಡಕ ತೆಗೆದು ಒರೆಸಿದರು. ರಾಜೇಶ್ವರಿ ಕಿಟಕಿಯ ಕಡೆ ತಿರುಗಿದರು. ಅಷ್ಟೇಕೆ, ಕೊಟ್ಟಿಗೆಯ ಕತೆ ಕಟ್ಟಿದ ಸಂಗನಬಸವನೂ ಕರವಸ್ತ್ರ ಹುಡುಕಿದ.

"ಇಷ್ಟು ವರ್ಷದಲ್ಲಿ ಇಂಥ ಪ್ರಾಮಾಣಿಕ ಕೆಲಸ ಅಪರೂಪಕ್ಕೆ ನೋಡಿದೀನಿ ಸಂಗನಬಸವ," ಎಂದು ವಿದ್ಯಾವತಿ ಅಂಕ ಬರೆದು ಸಹಿ ಹಾಕಿದರು. ಸ್ಟೇಶನ್ ರಸ್ತೆಗೆ ಹೋದ ಕೂಡಲೇ ಬೋರ್ಡಿನ ಮೇಲಿನ ಪೇಪರು ಕೀಳಬೇಕು, ಒಣಗಿ ಅಂಟಿದ್ದರೆ ನೀರು ಚಿಮುಕಿಸಬೇಕು ಎಂದು ಸಂಗನಬಸವ ಯೋಚಿಸುತ್ತಿದ್ದ.

"ಒಂದು ದಿನದ ಕೆಲಸ ಬಿಟ್ಟು ಬಂದಿದ್ದೀರಿ, ಬಸ್ ಖರ್ಚಿಗೆ ಇದು," ಎಂದು ವಿದ್ಯಾವತಿ, ನಿಯಮಾವಳಿಯ ಕೊನೆಯ ಪುಟದಲ್ಲಿ ಹೇಳಿದ ಹಾಗೆಯೇ, ಇನ್ನೂರರ ನೋಟೊಂದನ್ನು ಗೊಲ್ಲಾಳಪ್ಪನ ಕೈಗಿಟ್ಟರು. ಗೊಲ್ಲಾಳಪ್ಪ ನೋಟು ನೋಡಿದ. ಅವನ ಬೆನ್ನು ನೆಟ್ಟಗಾಯಿತು. ಎದ್ದು, ತೆರೆದ ಬಾಗಿಲಿಗೆ ಮುಖಮಾಡಿ, ನೋಟನ್ನು ಎರಡು ಬೆರಳಲ್ಲಿ ತಲೆಗಿಂತ ಮೇಲೆ ಹಿಡಿದು, ಕಾರಿಡಾರಿನ ಕೊನೆಯ ಬೆಂಚಿಗೂ ಕೇಳುವ ದನಿಯಲ್ಲಿ ಘೋಷಿಸಿದ: "ಸಭಾಕಂಪನದ ಗುರುಪಾದಯ್ಯನ ಪಾತ್ರವನ್ನು ಮಾಡಿದಂಥ ಘೋಣಸಗಿಯ ಗೊಲ್ಲಾಳಪ್ಪನ ಅಭಿನಯವನ್ನು ಮೆಚ್ಚಿ, ಮೈಸೂರಿನ ವಿದ್ಯಾವತಿ ಮೇಡಂ ಅವರು ಎರಡು ನೂರು ರೂಪಾಯಿ ಆಯೇರ ಮಾಡಿರುತ್ತಾರೆ! ಅವರಿಗೂ, ಈ ಕತೆ ಬರೆದು ಟಿಕೋಟಾದ ಶೆಡ್ಡಿನಲ್ಲಿ ಪಾತ್ರ ಕಲಿಸಿದಂಥ ಮಾಸ್ತರ ಸಂಗನಬಸವ ಸರ್ ಅವರಿಗೂ ದೇವರು ಆಯುರಾರೋಗ್ಯ ಕೊಟ್ಟು ಕಾಪಾಡಲಿ!" ಹೊರಗಿನ ಬೆಂಚಿನಿಂದ ಪರಸವ್ವ ಒಬ್ಬಳೇ ಚಪ್ಪಾಳೆ ತಟ್ಟಿದಳು. ಗೊಲ್ಲಾಳಪ್ಪ ನೋಟನ್ನು ಅಂಗಿಯ ಕಿಸೆಗೆ ಸೇರಿಸಿ, ಮತ್ತೆ ಕುರ್ಚಿಯ ಅಂಚಿನಲ್ಲಿ ಮುದುಡಿ ಕೂತು, ಬಿಟ್ಟಲ್ಲಿಂದಲೇ ನಡುಗತೊಡಗಿದ.