ಚೌಕಟ್ಟಿನೊಳಗೆ ಸಾಧು

ಆ ಬ್ಯಾಸ್ಕೆಟ್‌ಬಾಲ್ ತಂಡದ್ದು ವಿಚಿತ್ರ ಹಣೆಬರಹ. ಪಟ್ಟಿಯ ತುದಿಯಲ್ಲಿರುವ ತಂಡಗಳನ್ನು ಚಿಂದಿ ಮಾಡಿ ಬರುತ್ತಿತ್ತು; ಮುಂದಿನ ವಾರವೇ ತಳದಲ್ಲಿರುವ ಯಾವುದೋ ತಂಡಕ್ಕೆ ಸೋತು ಮುಖ ಮುಚ್ಚಿಕೊಂಡು ಬಸ್ಸು ಹತ್ತುತ್ತಿತ್ತು. ಹುಲಿ ಹೊಡೆದವರು ಇಲಿಯ ಹತ್ತಿರ ಕಚ್ಚಿಸಿಕೊಂಡ ಕಥೆ. ಲೀಗ್ ಎಂದಮೇಲೆ ಒಂದೆರಡು ಸಲ ಹೀಗಾಗುವುದುಂಟು. ಪದೇ ಪದೇ ಆದರೆ ಮಾತ್ರ ಯಾರದೋ ಒಬ್ಬರ ತಲೆ ಉರುಳಲೇಬೇಕು. ಯಾರದೆಂದು ಕೋಚ್ ತನ್ನ ಮನೆಯ ಊಟದ ಮೇಜಿನಲ್ಲಿ ಹೇಳಿದ.

"ಸಾಧೂನ ಬಿಟ್ಟುಬಿಡ್ತಿದೀನಿ. ನಾಳೆ ಮೀಟಿಂಗಲ್ಲಿ ಹೇಳ್ತೀನಿ."

ಎದುರಿಗೆ ಕೂತಿದ್ದ ತಂಗಿಯ ಕೈಯಿಂದ ಚಮಚ ಜಾರಿ ತಟ್ಟೆಗೆ ಬಿತ್ತು.

"ಯಾಕಣ್ಣ?"

"ಯಾಕೆ ಅಂತ ನೀನು ಕೇಳ್ತೀಯಾ ಪುಟ್ಟಿ? ವಿಡಿಯೋ ತೆಗೆದವಳು ನೀನೇ. ಆಟದ ಹೊತ್ತಲ್ಲಿ ನನ್ನ ಕಣ್ಣು ಚೆಂಡಿನ ಮೇಲೇ ಇರುತ್ತೆ, ಅದಕ್ಕೇ ಸೋತ ಆಟಗಳಲ್ಲಿ ಅವರು ಅಂಕ ತಗೊಂಡ ತುಣುಕೆಲ್ಲ ಕೂತು ನೋಡ್ದೆ. ಅವರು ಬ್ಯಾಸ್ಕೆಟ್ ಹಾಕುವಾಗೆಲ್ಲ ಪಕ್ಕದಲ್ಲಿ ನಿಂತಿರೋನು ಯಾರು? ಇವನೇ. ತಲೆ ಬೇರೆ ತಗ್ಗಿಸ್ಕೊಂಡಿರ್ತಾನೆ, ಗಂಡಿನ ಕಡೆಯವರು ನೋಡೋಕೆ ಬಂದಾಗ ಹುಡುಗಿ ಕೂತ ಹಾಗೆ."

ಅತ್ತಿಗೆ ಕಿಸಕ್ಕನೆ ನಕ್ಕಳು. ಪುಟ್ಟಿಗೆ ನಗು ಬರಲಿಲ್ಲ.

ಅಪ್ಪ ಅಮ್ಮ ಹೋದ ಮೇಲೆ ಅವಳನ್ನು ಸಾಕಿದವನು ಈ ಅಣ್ಣ. ಓದಿಸಿದ, ಕೆಲಸ ಕೊಡಿಸಿದ. ಕೊಡಿಸಿದ ಕೆಲಸವೂ ತನ್ನ ಕಣ್ಣಳತೆಯಲ್ಲೇ, ತಂಡದ ವಿಡಿಯೋ ನೋಡಿಕೊಳ್ಳುವುದು. ಹೀಗಾಗಿ ಮನೆಯಲ್ಲಿ ಅಣ್ಣ, ಕೆಲಸದಲ್ಲಿ ಕೋಚ್, ನಡುವಿನ ದಾರಿಯಲ್ಲಿ ಕಾರಿನ ಡ್ರೈವರ್. ಆಟಗಾರರ ಜೊತೆ ಕೆಲಸಕ್ಕಿಂತ ಹೆಚ್ಚಿನ ಮಾತು ಕೂಡದು ಎಂಬುದು ಅವನ ಕಟ್ಟಪ್ಪಣೆ. ಬೈದು ಹಾಕಿದ ಬೇಲಿಯಾಗಿದ್ದರೆ ಹಾರಬಹುದಿತ್ತು. ಇದು ಪ್ರೀತಿಯಿಂದ ಹಾಕಿದ ಬೇಲಿ. ಹಾರಿದರೆ ಕೃತಘ್ನೆ, ಒಳಗಿದ್ದರೆ ಉಸಿರುಗಟ್ಟುತ್ತದೆ.

ಬೆಳಿಗ್ಗೆ ಅವಳು ಕ್ರೀಡಾಂಗಣದ ವಿಡಿಯೋ ರೂಮಿನಲ್ಲಿ ಬಾಗಿಲು ಹಾಕಿಕೊಂಡಳು. ಗ್ಯಾಲರಿಯ ಮೆಟ್ಟಿಲುಗಳ ಕೆಳಗೆ, ಕಿಟಕಿಯಿಲ್ಲದ ಕೋಣೆ ಅದು. ಸೋತ ಆಟಗಳನ್ನು ಒಂದೊಂದಾಗಿ ತೆರೆದಳು.

ಕ್ಯಾಮೆರಾ ಹಿಡಿಯುವವರಿಗೆ ಇರುವುದು ಒಂದೇ ನಿಯಮ: ಅಂಕಣದ ಹತ್ತು ಜನವೂ ಚೌಕಟ್ಟಿನೊಳಗೆ ಕಾಣಬೇಕು. ದೊಡ್ಡ ತಂಡಗಳ ಜೊತೆ ಆಟವಿದ್ದಾಗ ಹಿರಿಯ ಕ್ಯಾಮೆರಾಮನ್ ಬಂದು ಈ ನಿಯಮವನ್ನು ಕಣ್ಣಿಗೊತ್ತಿಕೊಂಡು ಪಾಲಿಸುತ್ತಿದ್ದರು. ಸಣ್ಣ ತಂಡಗಳ ದಿನ ಅವರಿಗೆ ಮಂಡಿನೋವು. ಆಗ ಕ್ಯಾಮೆರಾ ಪುಟ್ಟಿಯ ಕೈಗೆ. ತಂಡ ಸೋತದ್ದೆಲ್ಲ ಸಣ್ಣ ಆಟಗಳಲ್ಲಿ. ಆದ್ದರಿಂದ ಸೋಲಿನ ವಿಡಿಯೋಗಳೆಲ್ಲ ಅವಳು ತೆಗೆದವು.

ಪರದೆಯ ಮೇಲೆ ಸಾಧು. ಚೆಂಡು ಚೌಕಟ್ಟು ಬಿಟ್ಟು ಹೊರಗೆ ಹೋದರೂ ಸಾಧು. ಅವನನ್ನು ಕೂರಿಸಿ ಬೇರೆಯವನನ್ನು ಇಳಿಸಿದರೆ, ಆಟ ಆ ಕಡೆ ನಡೆಯುತ್ತಿದೆ, ಪರದೆಯ ಮೇಲೆ ಬೆಂಚು. ಟವೆಲ್ಲಿನಿಂದ ಅವನು ಕತ್ತು ಒರೆಸಿಕೊಳ್ಳುವುದನ್ನು ಎಷ್ಟು ಅಂದವಾಗಿ ಹಿಡಿದಿದ್ದಳೆಂದರೆ, ಸೋಪಿನ ಜಾಹೀರಾತಿಗೆ ಹಾಗೇ ಕೊಡಬಹುದಿತ್ತು.

ಪುಟ್ಟಿ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಬೇಕೆಂದು ಮಾಡಿದ್ದಲ್ಲ. ಮನಸ್ಸು ಹೋದಲ್ಲಿಗೆ ಕೈ ಹೋಗಿತ್ತು. ರೆಫರಿಯ ಜೊತೆ ಒಮ್ಮೆಯೂ ಜಗಳವಾಡದವನು, ಅದಕ್ಕೇ ಎಲ್ಲರ ಬಾಯಲ್ಲಿ ಸಾಧು ಆದವನು, ಆಟ ನೋಡಲು ಒಯ್ದ ಹಾರ್ಡ್ ಡಿಸ್ಕ್ ವಾಪಸು ಕೊಡಲು ಬಂದಾಗೆಲ್ಲ "ಥ್ಯಾಂಕ್ಸ್ ಮೇಡಂ" ಎಂದು ಒಂದು ಕ್ಷಣ ಹೆಚ್ಚಾಗಿ ನಿಲ್ಲುತ್ತಿದ್ದವನು. ಆ ಒಂದು ಕ್ಷಣವನ್ನು ಅವಳು ವಾರವಿಡೀ ಮೆಲುಕು ಹಾಕುತ್ತಿದ್ದಳು.

ಹಾಗಾದರೆ ಚೌಕಟ್ಟಿನ ಹೊರಗೆ ಏನು ನಡೆದಿತ್ತು? ಹಿಂದಿನ ವಾರ ಇವರನ್ನು ಸೋಲಿಸಿದ ತಂಡದ ವಿಡಿಯೋದವನಿಗೆ ಫೋನ್ ಮಾಡಿದಳು.

"ಆ ಆಟಾನಾ? ಈಗಲೇ ಕಳಿಸ್ತೀನಿ ಮೇಡಂ! ನಮ್ಮ ಹುಡುಗರು ಬೆಳಿಗ್ಗೆ ಸಾಯಂಕಾಲ ಅದನ್ನೇ ನೋಡ್ತಿದಾರೆ," ಎಂದು ಅವನು ಹಿಗ್ಗಿ ಹೀರೇಕಾಯಿಯಾದ.

ಅವನ ವಿಡಿಯೋದಲ್ಲಿ ಹತ್ತೂ ಜನ ಕಾಣುತ್ತಿದ್ದರು. ಚೆಂಡು ಕೈತಪ್ಪಿದ ಕೂಡಲೇ ಆ ತಂಡದ ಮೂವರು ಬಿಟ್ಟ ಬಾಣದಂತೆ ಓಡುತ್ತಾರೆ. ಈ ಕಡೆಯಿಂದ ಅವರನ್ನು ತಡೆಯಲು ಹಿಂದಕ್ಕೆ ಓಡುವವನು ಸಾಧು ಒಬ್ಬನೇ. ಉಳಿದ ನಾಲ್ವರು, ಅವರ ಮುಂದಾಳಾಗಿ ತಂಡದ ಅತಿ ಎತ್ತರದ ಆಟಗಾರ 'ಕಂಬ', ಊಟ ಮುಗಿಸಿ ಅಡ್ಡಾಡಲು ಹೊರಟವರಂತೆ ನಡೆದು ಬರುತ್ತಾರೆ. ಇವರೆದುರು ಓಡುವುದು ಬೇರೆ ಕೇಡು ಎಂಬ ಧಿಮಾಕು. ಮೂವರ ನಡುವೆ ಸಿಕ್ಕ ಒಬ್ಬ ಏನು ಮಾಡಿಯಾನು? ಚೆಂಡು ಬುಟ್ಟಿಗೆ ಬೀಳುತ್ತದೆ. ಪುಟ್ಟಿಯ ವಿಡಿಯೋದಲ್ಲಿ ಕಾಣುವುದು ಆ ಕೊನೆಯ ಗಳಿಗೆ ಮಾತ್ರ.

ಓಡಿದವನೇ ಅಪರಾಧಿಯಾಗಿದ್ದ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು.

ಬಾಗಿಲು ತಟ್ಟಿದ ಸದ್ದಾಯಿತು. ಸಾಧು.

ಪುಟ್ಟಿ ಗಡಬಡಿಸಿ ಪರದೆ ಆರಿಸಲು ಹೋಗಿ, ಶಬ್ದ ಹೆಚ್ಚು ಮಾಡಿದಳು. ಸಾಧು ಪರದೆ ನೋಡಿದ, ಅವಳನ್ನು ನೋಡಿದ. ತುಟಿಯ ಒಂದು ಕೊನೆ ಮಾತ್ರ ನಕ್ಕಿತು.

"ಇದು ನಮ್ಮ ವಿಡಿಯೋ ಅಲ್ಲ ಅಲ್ವಾ ಮೇಡಂ? ಇದರಲ್ಲಿ ಬೇರೆಯವರೂ ಕಾಣ್ತಿದಾರೆ."

ಪುಟ್ಟಿಯ ಕಿವಿ ಬಿಸಿಯಾಯಿತು. "ನಿಮಗೆ... ಗೊತ್ತಿತ್ತಾ?"

"ಎರಡನೇ ಸೋಲಿನಲ್ಲೇ ಗೊತ್ತಾಯ್ತು. ಒಂದು ವಿಡಿಯೋದಲ್ಲಿ ನಾನು ಶೂ ಲೇಸ್ ಕಟ್ಟೋದು ಪೂರ್ತಿ ಇತ್ತು."

"ಅಯ್ಯೋ!"

"ನಿಮ್ಮ ಕ್ಯಾಮೆರಾ ಕಡೆ ತಿರುಗಿ ನೋಡ್ಬೇಕು ಅನ್ಸೋದು. ನೋಡಿದ್ರೆ ವಿಡಿಯೋದಲ್ಲಿ ಸಿಕ್ಕಿಬೀಳ್ತೀನಿ ಅಂತ ತಲೆ ತಗ್ಗಿಸ್ಕೊಂಡು ಆಡ್ತಿದ್ದೆ."

ಅವಳ ಎದೆಯೊಳಗೆ ಏನೋ ಕುಣಿಯಿತು, ಮರುಗಳಿಗೆಗೇ ಕುಸಿಯಿತು. "ಅಣ್ಣ ಇವತ್ತು ನಿಮ್ಮನ್ನ ತೆಗೀತಾನೆ. ನಾನು ಈ ವಿಡಿಯೋ ತೋರಿಸ್ತೀನಿ."

"ಬೇಡ. ತೋರಿಸಿದ್ರೆ ನಮ್ಮದು ಯಾಕೆ ಹೀಗಿದೆ ಅಂತ ಕೇಳ್ತಾರೆ. ಎಲ್ಲರ ಮುಂದೆ ನೀವು ಏನು ಹೇಳ್ತೀರ?" ಅವನ ದನಿ ತಗ್ಗಿತು. "ನನಗೆ ಬೇರೆ ಟೀಮ್ ಸಿಗುತ್ತೆ. ನಿಮಗೆ ಬೇರೆ ಅಣ್ಣ ಸಿಗಲ್ಲ."

ಅಷ್ಟು ಹೇಳಿ ಎಂದಿನಂತೆ ಒಂದು ಕ್ಷಣ ಹೆಚ್ಚಾಗಿ ನಿಂತ. ಇಂದು ಎರಡು ಕ್ಷಣ. ಆಮೇಲೆ ಹೋದ.

ಅವನು ಹೋದಮೇಲೆ ಕೋಣೆ ಇನ್ನೂ ಚಿಕ್ಕದಾಯಿತು. ಮಾತಾಡಿದರೆ ಅಣ್ಣ ಹೋಗುತ್ತಾನೆ, ಸುಮ್ಮನಿದ್ದರೆ ಇವನು. ಬಿಸಿತುಪ್ಪ ಬಾಯಲ್ಲಿತ್ತು, ನುಂಗುವಂತಿಲ್ಲ, ಉಗುಳುವಂತಿಲ್ಲ.

ಮಧ್ಯಾಹ್ನದ ಮೀಟಿಂಗಿಗೆ ತಂಡವೆಲ್ಲ ಸೇರಿತು. ಪುಟ್ಟಿಯ ವಿಡಿಯೋ ಓಡುತ್ತಿತ್ತು. ಅಣ್ಣ ಕೋಲಿನಿಂದ ಪರದೆಗೆ ಕುಟ್ಟುತ್ತಿದ್ದ. "ಇಲ್ಲಿ ನೋಡಿ, ಇವನು. ಇಲ್ಲೂ ಇವನೇ. ಸಾಧು, ನಿನಗೆ ಏನಾದ್ರೂ ಹೇಳೋದಿದ್ಯಾ?"

"ಇಲ್ಲ ಸರ್."

ಅವನು 'ಇಲ್ಲ' ಎಂದ ರೀತಿ ಇತ್ತಲ್ಲ, ಅದನ್ನು ಕೇಳಿ ಪುಟ್ಟಿಗೆ ಕೋಪ ಬಂತು. ಹೆದರಿಕೆಯನ್ನು ದಾಟಿ ಹೋಗಲು ಅವಳಿಗೆ ಅಷ್ಟು ಕೋಪ ಬೇಕಿತ್ತು. ಎದ್ದು ಹೋಗಿ ಕಂಪ್ಯೂಟರಿನಲ್ಲಿ ಇನ್ನೊಂದು ವಿಡಿಯೋ ಹಾಕಿದಳು.

"ಇದೇ ಆಟ ಅಣ್ಣ. ಅವರ ಕ್ಯಾಮೆರಾದ್ದು. ನೋಡು."

ಎಲ್ಲರೂ ನೋಡಿದರು. ಸಾಧು ಓಡುತ್ತಿದ್ದ. ಕಂಬ ನಡೆಯುತ್ತಿದ್ದ. ಅಣ್ಣ ಹಿಂದಕ್ಕೆ ಹಾಕಿಸಿ ಮತ್ತೆ ನೋಡಿದ. ಕಂಬ ಮತ್ತೆ ನಡೆದ.

"ಮತ್ತೆ ನಮ್ಮ ವಿಡಿಯೋದಲ್ಲಿ ಇದು ಯಾಕಿಲ್ಲ?" ಅಣ್ಣನ ದನಿ ಮೆತ್ತಗಿತ್ತು. ಮೆತ್ತಗಿದ್ದರೇ ಅಪಾಯ. "ಕ್ಯಾಮೆರಾ ಯಾಕೆ ಇವನ ಮೇಲೇ ಇತ್ತು?"

ಯಾರೋ ಕುರ್ಚಿ ಸರಿಸಿದರು. ಪುಟ್ಟಿ ನೆಪ ಹುಡುಕಿದಳು. ಕ್ಯಾಮೆರಾ ಕೆಟ್ಟಿತ್ತು ಎನ್ನಬಹುದು, ಸ್ಟ್ಯಾಂಡು ತಿರುಗದೆ ಸಿಕ್ಕಿಕೊಂಡಿತ್ತು ಎನ್ನಬಹುದು. ಅಣ್ಣ ನಂಬಿಯೂ ಬಿಡುತ್ತಾನೆ. ನಂಬಿ ಮತ್ತೆ ಕಾರಿನಲ್ಲಿ ಕೂರಿಸಿಕೊಂಡು ಮನೆಗೆ ಕರೆದೊಯ್ಯುತ್ತಾನೆ.

"ನಾನು ಆಟ ನೋಡ್ತಿರಲಿಲ್ಲ ಅಣ್ಣ. ಇವರನ್ನ ನೋಡ್ತಿದ್ದೆ." ಅವಳು ಸಾಧುವಿನತ್ತ ತಿರುಗಿದಳು. "ನನಗೆ ಇವರು ಇಷ್ಟ."

ಕಂಬ ಖೊಕ್ಕನೆ ನಕ್ಕ.

"ನಗಬೇಡ. ನೀನು ನಡೆದು ಬಂದ ವಿಡಿಯೋ ಇನ್ನೂ ಮುಗಿದಿಲ್ಲ," ಎಂದು ಅಣ್ಣ ಅವನತ್ತ ತಿರುಗದೆ ಹೇಳಿ, ಸಾಧುವನ್ನು ನೋಡಿದ. "ನಿನಗೆ ಗೊತ್ತಿತ್ತಾ?"

"ಗೊತ್ತಿತ್ತು ಸರ್."

"ಹೇಳೋಕೆ ಬಾಯಿ ಇರಲಿಲ್ವಾ?"

"ಹೇಳಿದ್ರೆ ಇವರು ಹೀಗೆ ಎಲ್ಲರ ಮುಂದೆ ನಿಲ್ಲಬೇಕಾಗ್ತಿತ್ತು ಸರ್."

ಅಣ್ಣ ಕೈಯಲ್ಲಿದ್ದ ಕೋಲನ್ನು ಮೇಜಿನ ಮೇಲಿಟ್ಟ. ಆಮೇಲೆ ಕೋಚಿನ ದನಿ ತಂದುಕೊಂಡು ಹೇಳಿದ: "ಹೀಗಾದಮೇಲೆ ಇಬ್ಬರೂ ಒಂದೇ ಟೀಮಲ್ಲಿ ಇರಕ್ಕಾಗಲ್ಲ. ಒಬ್ಬರು ಹೋಗ್ಬೇಕು."

ಸಾಧು ಬಾಯಿ ತೆರೆದ.

"ನೀವು ಸುಮ್ನಿರಿ!" ಎಂದಳು ಪುಟ್ಟಿ. "ಎಲ್ಲಾನೂ ನಿಮ್ಮ ತಲೆ ಮೇಲೇ ಹೊತ್ಕೋಬೇಡಿ. ನಾನು ಹೋಗ್ತೀನಿ ಅಣ್ಣ."

ಹೇಳಿದ ಮೇಲೆ ಅವಳಿಗೆ ತಿಳಿಯಿತು: ಎಷ್ಟೋ ವರ್ಷಗಳಿಂದ ಹೇಳಬೇಕೆಂದಿದ್ದ ಮಾತು ಇದೇ. ಕೆಲಸ ಹೋದ ದುಃಖವನ್ನು ಹುಡುಕಿದಳು, ಸಿಗಲಿಲ್ಲ. ಹೊರಗೆ ತಳ್ಳಿದರೂ ಅದು ಬೇಲಿಯ ಹೊರಗೇ ಅಲ್ಲವೇ?

ಅಣ್ಣನ ಮುಖ ಮಾತ್ರ ಬಾಡಿತು. "ಕೆಲಸ ಬಿಡು ಅಂದೆ. ಮನೆ ಬಿಡು ಅನ್ಲಿಲ್ಲ ಪುಟ್ಟಿ."

"ಗೊತ್ತು ಅಣ್ಣ. ಊಟಕ್ಕೆ ಬರ್ತೀನಿ. ಯಾವಾಗ ಬರ್ತೀನಿ ಅಂತ ಮಾತ್ರ ಕೇಳ್ಬೇಡ."

ಮುಂದಿನ ಆಟ ಪಟ್ಟಿಯ ಕಟ್ಟಕಡೆಯ ತಂಡದ ಜೊತೆ. ಪುಟ್ಟಿ ಎಲ್ಲರಂತೆ ಟಿಕೆಟ್ ತಗೊಂಡು ಗ್ಯಾಲರಿಯಲ್ಲಿ ಕೂತಳು. ಅಂಕಣದ ತುಂಬ ಓಡಾಟ. ಕಂಬ ಸಹ ನಾಲಿಗೆ ಹೊರಹಾಕಿಕೊಂಡು ಓಡುತ್ತಿದ್ದ. ಕೋಚ್ ಅಂಕಣದ ಅಂಚಿನಲ್ಲಿ ನಿಂತು ಅವನನ್ನು ದುರುಗುಟ್ಟಿ ನೋಡುತ್ತಿದ್ದ.

ಆಟ ಮುಗಿಯಲು ಕೆಲವೇ ಸೆಕೆಂಡು. ಇವರು ಒಂದು ಅಂಕ ಮುಂದಿದ್ದಾರೆ. ಚೆಂಡು ಸಾಧುವಿನ ಕೈಯಲ್ಲಿ. ಅವನು ಏನೂ ಮಾಡಬೇಕಿರಲಿಲ್ಲ. ಚೆಂಡನ್ನು ಪುಟಿಸುತ್ತ ಸುಮ್ಮನೆ ಹೊತ್ತು ಕಳೆದರೆ ಸಾಕಿತ್ತು.

ಸಾಧು ತಲೆಯೆತ್ತಿ ಗ್ಯಾಲರಿಯ ಸಾಲುಗಳನ್ನು ಒಂದೊಂದಾಗಿ ಹುಡುಕಿದ. ಅವಳ ಕಣ್ಣು ಸಿಕ್ಕಿತು. ಈಗ ತುಟಿಯ ಎರಡೂ ಕೊನೆ ನಕ್ಕವು. ಅವಳೂ ನಕ್ಕಳು. ನಡುವೆ ಇಡೀ ಕ್ರೀಡಾಂಗಣವಿದೆ ಎಂಬುದು ಇಬ್ಬರಿಗೂ ಮರೆತುಹೋಯಿತು.

ಎದುರಾಳಿ ತಂಡದ ಗಿಡ್ಡ ಆಟಗಾರನೊಬ್ಬ ಬಂದು, ಅವನ ಕೈಯಡಿಯಿಂದ ಚೆಂಡನ್ನು ಎತ್ತಿಕೊಂಡು ಓಡಿ, ಬುಟ್ಟಿಗೆ ಹಾಕಿಯೇ ಬಿಟ್ಟ. ಆಟ ಮುಗಿದ ಸೀಟಿ ಕೇಳಿತು.

ಸಾವಿರಾರು ಜನ "ಅಯ್ಯೋ" ಎಂದು ತಲೆಯ ಮೇಲೆ ಕೈಹೊತ್ತರು. ಕೋಚ್ ಮೊದಲು ಸಾಧುವನ್ನು ನೋಡಿದ, ಆಮೇಲೆ ಗ್ಯಾಲರಿಯತ್ತ ತಿರುಗಿ ತಂಗಿಯನ್ನು ನೋಡಿದ. ಅವಳು ಬಾಯಿಗೆ ದುಪಟ್ಟಾ ಅಡ್ಡ ಹಿಡಿದು ನಗುತ್ತಿದ್ದಳು.

ಈ ಸಲ ತಪ್ಪು ನಿಜವಾಗಿಯೂ ಸಾಧುವಿನದೇ ಆಗಿತ್ತು.