ಒಬ್ಬಳಿಗೇ ಹೇಳಿದ ಮಾತು

ಬಸು ಅವಳ ಕೈಯಿಂದ ತಂಬಿಗೆ ಕಸಿದುಕೊಂಡು ನೀರನ್ನೆಲ್ಲ ಹೊರಗೆ ಚೆಲ್ಲಿದಾಗ ಪರಿಮಳಾಗೆ ಮೈಯೆಲ್ಲ ಉರಿದುಹೋಯಿತು.

ಶಹಾಪುರದ ಆ ತೊಗರಿ ಗೋದಾಮಿಗೆ ಅವಳು ಕೆಲಸಕ್ಕೆ ಸೇರಿ ಎರಡೇ ದಿನ. ಧೂಳು ಏಳದಂತೆ ನೆಲಕ್ಕೆ ನೀರು ಚಿಮುಕಿಸಿ ಆಮೇಲೆ ಕಸಬರಿಗೆ ಹಿಡಿಯುವುದನ್ನು ಈ ಸೀಮೆಯ ಯಾವ ಹೆಣ್ಣುಮಗಳಿಗೂ ಯಾರೂ ಕಲಿಸಬೇಕಾಗಿಲ್ಲ. ಅವಳೂ ಅದನ್ನೇ ಮಾಡಹೊರಟಿದ್ದಳು.

"ಯಾಕ್ರಿ, ನಮ್ಮ ಓಣಿಯವ್ರು ಮುಟ್ಟಿದ ನೀರು ಬಿದ್ರ ನಿಮ್ಮ ತೊಗರಿ ಮೈಲಿಗಿ ಆಗ್ತದೇನು?"

"ಮೈಲಿಗಿ ಅಲ್ಲ. ಜೀವ ಹೋಗ್ತದ," ಅಂದ ಬಸು.

ಬಸು ಕೆಂಭಾವಿಯವನು. ತೊಗರಿಗೆ ಹುಳ ಹತ್ತದಂತೆ ಚೀಲಗಳ ನಡುವೆ ವಿಷದ ಗುಳಿಗೆ ಇಟ್ಟು ತಾಡಪತ್ರಿ ಮುಚ್ಚುವುದು ಅವನ ಕೆಲಸ. ನೆಲದ ಮೇಲೆ ಬಿದ್ದಿದ್ದ ಬೂದಿಯಂಥ ಪುಡಿಯನ್ನು ದೂರದಿಂದಲೇ ತೋರಿಸಿದ.

"ಇದು ಆ ಗುಳಿಗೀದ ಪುಡಿ. ಇದರಾಗ ಇನ್ನೂ ವಿಷ ಉಳದಿರ್ತದ. ನೀರು ಬಿದ್ರ ಒಮ್ಮಿಗೇ ಗ್ಯಾಸ್ ಏಳ್ತದ."

"ಹಂಗಾದ್ರ ಎಲ್ಲಾರ್ಗೂ ಯಾಕ ಹೇಳಂಗಿಲ್ಲ?"

"ಡಬ್ಬಿ ಮ್ಯಾಲ ಬರದಾರ. ಇಂಗ್ಲಿಷಿನಾಗ. ಬಾಯಿಲೆ ಹೇಳಿದ್ರ ಮಂದಿ ಹೆದರಿ ಕೆಲಸ ಬಿಡ್ತಾರಂತ ಸಾವ್ಕಾರ. ಹೇಳಿದಾವನ ಕೆಲಸಾನೂ ಹೋಗ್ತದ."

"ಮತ್ತ ನನಗ ಹೇಳಿದ್ರಿ?"

ಬಸು ಖಾಲಿ ತಂಬಿಗೆಯನ್ನು ಅವಳ ಕೈಗಿತ್ತು, ಕಿವಿ ಕೆಂಪಗೆ ಮಾಡಿಕೊಂಡು ಹೋಗಿಬಿಟ್ಟ.

ಆಮೇಲೆ ದಿನಾ ಮಧ್ಯಾಹ್ನ ಊಟದ ಹೊತ್ತಿಗೆ ಹಿಂದಿನ ಗೋಡೆಯ ನೆರಳಿನಲ್ಲಿ ಪಾಠ. ಅವನು ಡಬ್ಬಿಯ ಮೇಲಿನ ಒಂದೊಂದು ಸಾಲು ಓದಿ ಹೇಳುವನು, ಅವಳು ರೊಟ್ಟಿ ಮುರಿಯುತ್ತ ಕೇಳುವಳು.

"ಮುಖ ಪೂರಾ ಮುಚ್ಚೂ ಮಾಸ್ಕ್ ಹಾಕ್ಕೋಬೇಕಂತ."

"ಹಾಕ್ಕೊಂಡ್ರ ನನ್ನ ಮುಖ ನಿಮಗ ಹ್ಯಾಂಗ ಕಾಣಬೇಕು?"

"ಕಣ್ಣು ಕಾಣ್ತಾವಲ್ಲ. ನಂಗ ಅಷ್ಟು ಸಾಕು."

ಅವಳು ತಲೆ ತಗ್ಗಿಸಿ ನಕ್ಕಳು. ಅವಳು ನಕ್ಕಾಗ ಅವನ ನೋಟ ಡಬ್ಬಿ ಬಿಟ್ಟು ಅವಳ ಬೆರಳಿಗೆ, ಬೆರಳಿನಿಂದ ಬಳೆಗೆ, ಅಲ್ಲಿಂದ ಮೇಲಕ್ಕೆ ಏರುತ್ತಿತ್ತು. ವಿಷದ ಡಬ್ಬಿಯನ್ನು ನಡುವೆ ಇಟ್ಟುಕೊಂಡು ಪ್ರೀತಿ ಮಾಡಿದವರು ಇವರಿಬ್ಬರೇ ಇರಬೇಕು.

ಅಂದಿನಿಂದ ಗೋದಾಮಿನ ಒಳಗಿನ ಕಸವನ್ನು ಅವಳೇ ಹೊಡೆದಳು, ನೀರು ಹಾಕದೆ. ತನ್ನ ಜೊತೆಗೇ ಕೆಲಸಕ್ಕೆ ಸೇರಿ ಕಸ ಹೊಡೆಯುತ್ತಿದ್ದ ಲಾಲಮ್ಮನಿಗೆ ಅಂಗಳ ಬಿಟ್ಟುಕೊಟ್ಟಳು. ಲಾಲಮ್ಮ ಎಲೆ-ಅಡಿಕೆ ಜಗಿಯುತ್ತ ಕಣ್ಣು ಮಿಟುಕಿಸುವಳು. "ನಿನಗ ಒಳಗ ಯಾಕ ಹೋಗಬೇಕಂತ ನಂಗ ಗೊತ್ತದ ತಗೋ."

ಲಾಲಮ್ಮನಿಗೆ ನಿಜ ಹೇಳಬಹುದಿತ್ತು. ಹೇಳಿದರೆ ಯಾರು ಹೇಳಿದರು ಎಂಬ ಮಾತು ಏಳುತ್ತದೆ, ಬಸುವಿನ ಕೆಲಸ ಹೋಗುತ್ತದೆ, ಇಬ್ಬರ ಸಂಗತಿ ಎರಡೂ ಮನೆಗೆ ಮುಟ್ಟುತ್ತದೆ. ಇವೆಲ್ಲ ನಿಜವೇ. ಆದರೆ ಆ ಮಾತು ತನಗೊಬ್ಬಳಿಗೇ ಸಿಕ್ಕಿದೆ ಎಂಬ ಹಿಗ್ಗೂ ಇತ್ತು. ಅದನ್ನು ಅವಳು ತನಗೆ ತಾನೇ ಒಪ್ಪಿಕೊಂಡಿರಲಿಲ್ಲ.

ಒಂದು ಗುರುವಾರ ಇಬ್ಬರೂ ರಜೆ ಹಾಕಿ ಬೋನಾಳ ಕೆರೆಗೆ ಹೋದರು. "ನಿನ್ನ ಪಾಲಿಂದೂ ನಾನೇ ಹೊಡೀತೇನಿ, ಹೋಗ್ ಬಾ," ಎಂದು ಕಳಿಸಿಕೊಟ್ಟವಳು ಲಾಲಮ್ಮನೇ. ಪರಿಮಳಾ ಹಿಗ್ಗಿನಲ್ಲಿ ತಲೆಯಾಡಿಸಿ ಬಸ್ಸು ಹತ್ತಿದ್ದಳು. ಕೆರೆಯ ದಂಡೆಯಲ್ಲಿ ಬಸು ಅವಳ ಕೈ ಹಿಡಿದು, "ಬರೂ ತಿಂಗಳ ನಿಮ್ಮಪ್ಪನ್ನ ಕಂಡು ಕೇಳ್ತೇನಿ," ಅಂದ. ಅದರಷ್ಟು ಸುಖದ ದಿನ ಅವಳ ಬಾಳಿನಲ್ಲಿ ಬಂದಿರಲಿಲ್ಲ.

ಮರಳುವಾಗ ಸುರಪುರದ ಬಸ್ ಸ್ಟ್ಯಾಂಡಿನಲ್ಲಿ ಚಹಾದಂಗಡಿಯ ಹೆಂಗಸೊಬ್ಬಳು ಧೂಳು ಕೂರಲೆಂದು ಬಾಗಿಲ ಮುಂದೆ ನೀರು ಚಿಮುಕಿಸಿದಳು.

ಪರಿಮಳಾಳ ಕೈಯಿಂದ ಚಹಾದ ಕಪ್ಪು ಜಾರಿತು. "ಲಾಲಕ್ಕಗ ನಾ ಹೇಳಿಲ್ಲ," ಅಂದಳು. ಬಸು ಗೋದಾಮಿಗೆ ಫೋನ್ ಹಚ್ಚಿದ. ಮತ್ತೆ ಹಚ್ಚಿದ. ಯಾರೂ ಎತ್ತಲಿಲ್ಲ.

ಲಾಲಮ್ಮ ಯಾದಗಿರಿ ಆಸ್ಪತ್ರೆಯಲ್ಲಿ ಎರಡು ದಿನ ಇದ್ದು ತೀರಿಕೊಂಡಳು. ಎದೆಬ್ಯಾನಿ ಎಂದು ಸಾವ್ಕಾರ ಊರಿಗೆಲ್ಲ ಹೇಳಿಸಿದ.

ಸೋಮವಾರ ಬೆಳಿಗ್ಗೆ ಹಮಾಲರು, ಹೆಂಗಸರು ಗೇಟಿನ ಮುಂದೆ ಕೂಡಿದಾಗ ಪರಿಮಳಾ ಎಲ್ಲರ ಎದುರಿಗೆ ಬಂದು ನಿಂತಳು.

"ಎದೆಬ್ಯಾನಿ ಅಲ್ಲ. ಆ ಪುಡಿಗಿ ನೀರು ಬಿದ್ರ ವಿಷದ ಗ್ಯಾಸ್ ಏಳ್ತದ. ಒಳಗ ಯಾರೂ ನೀರು ಹಾಕಬ್ಯಾಡ್ರಿ. ನಂಗ ಮೊದಲೇ ಗೊತ್ತಿತ್ತು."

ಲಾಲಮ್ಮನ ಗಂಡ ಪರಮಣ್ಣ ಮುಂದೆ ಬಂದ. "ನಿಂಗ ಯಾರು ಹೇಳಿದ್ರು?"

ಅವಳು ಹೆಸರು ಹೇಳಲಿಲ್ಲ. ಹಿಂದೆ ನಿಂತಿದ್ದ ಬಸು ಇನ್ನೂ ನುಣುಚಿಕೊಳ್ಳಬಹುದಿತ್ತು. ಸಾವ್ಕಾರ ಆಫೀಸಿನ ಕಿಟಕಿಯಿಂದ ನೋಡುತ್ತಿದ್ದ.

"ನಾ ಹೇಳೀನಿ ಪರಮಣ್ಣ," ಬಸು ಮಂದಿಯನ್ನು ಸರಿಸಿಕೊಂಡು ಬಂದ. "ಈಕಿಗೊಬ್ಬಾಕಿಗೇ ಹೇಳೀನಿ. ಈಕಿ ಮ್ಯಾಲ ನನ್ನ ಜೀವ ಅದ. ಈಕಿಗಿ ಏನೂ ಆಗಬಾರ್ದಂತ ಹೇಳ್ದೆ."

ಈ ಮಾತು ಕೇಳಲು ಅವಳು ಎಷ್ಟು ದಿನ ಕಾದಿದ್ದಳು. ಈಗ ಅದು ಕಿವಿಗೆ ಬಿದ್ದಾಗ ನೆಲ ಬಿರಿಯಬಾರದೇ ಅನಿಸಿತು.

ಪರಮಣ್ಣ ಸಿಟ್ಟು ಮಾಡಲಿಲ್ಲ. ಲೆಕ್ಕಕ್ಕೆ ಸಿಗದ್ದನ್ನು ಕೇಳುವವನಂತೆ ಮೆಲ್ಲಗೆ ಕೇಳಿದ. "ಮತ್ತ ನನ್ನಾಕಿಗಿ ಆದ್ರ ನಡೀತಿತ್ತೇನಪಾ?"

ಬಸು ಜೋಳಿಗೆಯಿಂದ ಆ ಡಬ್ಬಿ ತೆಗೆದು ಮೊದಲ ಸಾಲಿನಿಂದ ಕನ್ನಡದಲ್ಲಿ ಗಟ್ಟಿಯಾಗಿ ಹೇಳತೊಡಗಿದ. ಗೋಡೆಯ ನೆರಳಿನಲ್ಲಿ ಅವಳೊಬ್ಬಳಿಗೇ ಹೇಳಿದ್ದ ಅವೇ ಮಾತುಗಳು. ಸಾವ್ಕಾರ ಕಿಟಕಿಯಿಂದ ಒದರಿದ, ಬಸು ನಿಲ್ಲಿಸಲಿಲ್ಲ. ಪರಿಮಳಾ ಸುಣ್ಣದಕಡ್ಡಿ ತೆಗೆದುಕೊಂಡು ಒಂದೊಂದನ್ನೂ ಗೋದಾಮಿನ ಬಾಗಿಲ ಮೇಲೆ ದಪ್ಪ ಅಕ್ಷರದಲ್ಲಿ ಬರೆದಳು.

ಬರೆದು ಮುಗಿಸಿ ತಿರುಗಿದಾಗ ಬಸು ಅವಳನ್ನೇ ನೋಡುತ್ತಿದ್ದ. ಇಬ್ಬರ ಸಂಗತಿ ಊರಿಗೆಲ್ಲ ಗೊತ್ತಾಗಿತ್ತು. ಯಾರೂ ಬೈಯಲಿಲ್ಲ, ಯಾರೂ ಕಣ್ಣು ಮಿಟುಕಿಸಿ ಚಾಷ್ಟಿ ಮಾಡಲಿಲ್ಲ. ಚಾಷ್ಟಿ ಮಾಡುವವಳು ಒಬ್ಬಳೇ ಇದ್ದಳು.