ಕನ್ನಡಿಯಲ್ಲಿ ಕಂಡ ಎಂಟು

ಕಬ್ಬಿಣದ ಸಲಾಕೆಯ ತುದಿ ನನ್ನ ಗಂಟಲಿಗೆ ತಾಗಿತ್ತು.

ಬೆನ್ನ ಹಿಂದೆ ಗೋಡೆಯಿರಲಿಲ್ಲ. ಕೋಪರಖೈರಣೆಯ ಆ ಅರೆಬರೆ ಕಟ್ಟಡದ ಐದನೆಯ ಮಾಳಿಗೆ. ಒಂದು ಹೆಜ್ಜೆ ಹಿಂದಿಟ್ಟರೆ... ಕೆಳಗೆ ಮರಳಿನ ರಾಶಿ. ಮರಳು ಮೆತ್ತಗಿರುತ್ತದೆಂಬ ಭ್ರಮೆ ನನಗಿಲ್ಲ.

"ಕಾಕಾ, ಈ ವಯಸ್ಸಿನ್ಯಾಗ ಮನ್ಯಾಗ ಕುಂತು ಚಾ ಕುಡೀಬೇಕು," ಎಂದ ರಂಜನ್. ಆ ಕಟ್ಟಡದ ಸೈಟ್ ಸೂಪರ್‌ವೈಸರ್. ಬಲ ಮುಂಗೈಗೆ ಹೊಸ ಬ್ಯಾಂಡೇಜು.

"ಕುಡೀತೀನಿ. ಮೊದಲ ಆ ಪಟ್ಟಿ ಬಿಚ್ಚು."

ಅವನು ನಕ್ಕ. ಸಲಾಕೆ ಇನ್ನಷ್ಟು ಒತ್ತಿತು.

ಇಲ್ಲಿಗೆ ಹೇಗೆ ಬಂದೆನೆಂದು ಹೇಳುತ್ತೇನೆ, ಕೇಳಿ.

ನಾನು ವಿರುಪಾಕ್ಷಪ್ಪ. ಡೊಂಬಿವಲಿಯಿಂದ ಭಿವಂಡಿಯವರೆಗೆ ನಮ್ಮ ಕನ್ನಡದ ಜನ ಸಿಕ್ಕಿಹಾಕಿಕೊಂಡಲ್ಲೆಲ್ಲ ಬಿಡಿಸುವುದು ನನ್ನ ಕಸುಬು. ಪೊಲೀಸರ ತಲೆಯ ಬಗ್ಗೆ ನನಗೆ ಗೌರವವಿಲ್ಲ. ಟೊಪ್ಪಿಗೆ ಇಡಲು ಒಂದು ಜಾಗ, ಅಷ್ಟೆ.

ಹಿಂದಿನ ದಿನ ಡೊಂಬಿವಲಿಯಲ್ಲಿ ಸುಲೋಚನಾಳ ಬ್ಯೂಟಿ ಪಾರ್ಲರಿಗೆ ಹೆಲ್ಮೆಟ್ ಧರಿಸಿದವನೊಬ್ಬ ನುಗ್ಗಿದ್ದ. ಹಿಂದಿನಿಂದ ತೋಳು ಹಾಕಿ ಅವಳ ಕತ್ತು ಹಿಸುಕಿದ್ದ. ಒಂದು ಮಾತಿಲ್ಲ. ಅಷ್ಟರಲ್ಲಿ ಗಿರಾಕಿಯೊಬ್ಬಳು ಬಾಗಿಲು ತಳ್ಳಿದಳು, ಅವನು ಓಡಿದ. ಸುಲೋಚನಾಳಿಗೆ ಕಂಡದ್ದು ಮುಂಗೈಯ ಹಚ್ಚೆಯೊಂದೇ... IIX.

ಆ ಬಗೆಯ ಹಚ್ಚೆ ಯಾರದೆಂದು ಊರಿಗೆಲ್ಲ ಗೊತ್ತು. ಲೋಡರ್‌ಗಳ ಕಬಡ್ಡಿ ತಂಡದ ಧಣಿ ಯಜ್ಞೇಶ್ವರ, ಹನ್ನೆರಡೂ ಹುಡುಗರ ಬಲ ಮುಂಗೈಗೆ ರೋಮನ್ ಅಂಕಿ ಕೊರೆಸಿದ್ದ. ಕನ್ನಡದ ಅಂಕಿಗೆ ಗತ್ತಿಲ್ಲವಂತೆ. ಕಲಬುರಗಿಯ ಹಮಾಲರ ಕೈಗೆ ರೋಮಿನ ಠಸ್ಸೆ! ಮನುಷ್ಯನ ತಲೆಗೆ ಹಣ ಏರಿದರೆ ಹೀಗೆಯೇ.

ಪೊಲೀಸರು IIX ಅನ್ನು ಎಂಟೆಂದು ಓದಿದರು. ತಂಡದ ಎಂಟನೆಯವನು ಅಂಬರೀಶ. ಸುಲೋಚನಾಳನ್ನು ಮದುವೆಯಾಗಬೇಕಾದವನು. ಭಿವಂಡಿಯ ಗೋದಾಮಿನಿಂದ ಅವನನ್ನು ಎಳೆದು ತಂದರು. ಕೊಲೆ ಯತ್ನದ ಕೇಸು. ಕೋರ್ಟಿಗೆ ಹಾಜರುಪಡಿಸುವುದಷ್ಟೇ ಬಾಕಿ.

"ಕಾಕಾ, ನಾ ಅಕೀ ಕುತಿಗಿಗೆ ತಾಳಿ ಕಟ್ಟಾಂವ," ಎಂದ ಅಂಬರೀಶ, ಲಾಕಪ್ಪಿನ ಸರಳು ಹಿಡಿದು. ಅವನ ಮುಂಗೈ ನೋಡಿದೆ. VIII. ಅಚ್ಚುಕಟ್ಟಾಗಿತ್ತು.

ಇನ್ಸ್‌ಪೆಕ್ಟರ್ ಹಲ್ಲಿಗೆ ಕಡ್ಡಿ ಹಾಕುತ್ತ ಕೂತಿದ್ದ.

"ದಸ್ ಮೇ ಸೇ ದೋ ಗಯಾ, ಆಠ್ ಬಚಾ. ಸಿಂಪಲ್ ಹೈ, ಅಪ್ಪಾ."

"ಸಾಹೇಬ್, ಹತ್ತರಿಂದ ಎರಡು ಕಳೆಯುವಂತಿಲ್ಲ. ಹತ್ತರ X ಎಡಕ್ಕೆ ನಿಲ್ಲುವುದು ಒಂದೇ ಗೀಟು. ಆಗ ಒಂಬತ್ತು. ಎಂಟು ಬೇಕಾದರೆ ಐದರ V ಬರೆದು, ಅದರ ಬಲಕ್ಕೆ ಮೂರು ಗೀಟು ಎಳೆಯಬೇಕು. ನಿಮ್ಮ ತಲೆಯ ಮೇಲಿನ ಗಡಿಯಾರದಲ್ಲೇ ಇದೆ, ನೋಡಿ." ಹಿಂದಿಯಲ್ಲಿ, ಮಗುವಿಗೆ ಹೇಳುವಂತೆ ಬಿಡಿಸಿ ಹೇಳಿದೆ.

ಅವನು ತಲೆ ಎತ್ತಲಿಲ್ಲ.

"ಡರೀ ಹುಯೀ ಲಡ್ಕೀ ಹೈ. ಉಲ್ಟಾ-ಸೀಧಾ ದೇಖಾ ಹೋಗಾ."

ಹೆದರಿದ ಹುಡುಗಿಗೆ ಉಲ್ಟಾಪಲ್ಟಾ ಕಂಡಿರಬೇಕಂತೆ. ಉಲ್ಟಾ...

ಮೂರ್ಖನ ಬಾಯಿಂದಲೂ ಒಮ್ಮೊಮ್ಮೆ ಮುತ್ತು ಉದುರುತ್ತದೆ. ಅವನಿಗೆ ಗೊತ್ತಾಗುವುದಿಲ್ಲ, ಅಷ್ಟೆ. ರಿಕ್ಷಾ ಹತ್ತಿ ನೇರ ಪಾರ್ಲರಿಗೆ ಹೋದೆ.

"ಅಂವ ಅಲ್ಲ ಅಂದ್ರ ಯಾರೂ ನಂಬವಲ್ರು, ಕಾಕಾ," ಎಂದಳು ಸುಲೋಚನಾ. ಕತ್ತಿನ ಸುತ್ತ ಕಪ್ಪು ಕಲೆ. "ಲವರ್‌ನ ಉಳಸಾಕ ನಾಟಕ ಮಾಡ್ತೀ ಅಂತಾರ."

"ಆ ಹೆಲ್ಮೆಟ್ಟಿನಾಂವ ಎಲ್ಲಿ ನಿಂತಿದ್ದ?"

"ನನ್ನ ಬೆನ್ನ ಹಿಂದ."

"ಬೆನ್ನ ಹಿಂದ ನಿಂತಾವನ ಮುಂಗೈ ನಿನಗ ಹೆಂಗ ಕಾಣ್ತು?"

ಅವಳು ಎದುರಿನ ಗೋಡೆಯಗಲದ ಕನ್ನಡಿಯತ್ತ ಬೆರಳು ತೋರಿಸಿದಳು.

"ಹುಬ್ಬು ತೀಡೂ ಪೆನ್ಸಿಲ್ ಕೊಡು."

ನನ್ನ ಬಲ ಮುಂಗೈ ಮೇಲೆ ಬರೆದೆ. XII. ಅವಳನ್ನು ಕನ್ನಡಿಯ ಮುಂದೆ ಕೂರಿಸಿದೆ. "ಹೆದರಬ್ಯಾಡವ್ವಾ," ಎಂದು ಹಿಂದೆ ನಿಂತು, ಮುಟ್ಟದಂತೆ, ಕತ್ತಿನ ಮುಂದೆ ತೋಳು ತಂದೆ.

ಕನ್ನಡಿಯಲ್ಲಿ ಗೀಟುಗಳು ಎಡಕ್ಕೆ ಬಂದವು, X ಬಲಕ್ಕೆ ಸರಿಯಿತು.

ಅವಳು ಕುರ್ಚಿಯ ತೋಳು ಬಿಗಿಯಾಗಿ ಹಿಡಿದಳು. "ಇದಽ... ಇದಽ ಕಾಕಾ."

ಹನ್ನೆರಡು. ತಂಡದ ಕಟ್ಟಕಡೆಯವನು. ಅಂಗಳದಲ್ಲಿ ಆಡುವವರು ಏಳು ಮಂದಿ, ಉಳಿದವರು ಬೆಂಚಿನ ಮೇಲೆ. ಮೂರು ಸೀಸನ್ ಬೆಂಚು ಬಿಟ್ಟು ಏಳದವನು ಆ ಹನ್ನೆರಡನೆಯವನೊಬ್ಬನೇ... ಹಮಾಲಿ ಬಿಟ್ಟು ಸೂಪರ್‌ವೈಸರ್ ಆಗಿದ್ದ ರಂಜನ್. ಸುಲೋಚನಾಳನ್ನು ಕೇಳಿ 'ಒಲ್ಲೆ' ಎನ್ನಿಸಿಕೊಂಡವನೂ ಅವನೇ.

ತಂಡದ ಕ್ಯಾಪ್ಟನ್ ಭೀಮುವಿಗೆ ಫೋನು ಮಾಡಿ, ಹುಡುಗರನ್ನು ಕೋಪರಖೈರಣೆಗೆ ಕರೆತರಲು ಹೇಳಿದೆ. ನಾನು ಕಾಯಲಿಲ್ಲ. ಕಾಯುವುದು ನನ್ನ ಜಾಯಮಾನವಲ್ಲ. ಅದಕ್ಕೇ ಗಂಟಲಿಗೆ ಸಲಾಕೆ.

"ಎಂಟು ಅಂತ ಪೊಲೀಸರಽ ಅಂದಾರ," ಎಂದ ರಂಜನ್.

"ಪೊಲೀಸರು ಕನ್ನಡಿ ನೋಡಿಲ್ಲ. ನಾ ನೋಡೀನಿ."

ಅವನ ನಗು ಆರಿತು.

"ಆ ಹಮಾಲನ್ನ ಒಪ್ಪಿದ್ಲು. ನನ್ನ ನೋಡಿದ್ರ ಮುಖಾ ತಿರುವ್ತಿದ್ಲು." ಉಸಿರು ಬಿಸಿಯಾಗಿ ಬಂತು. "ಆ ಗಿರಾಕಿ ಬರದಿದ್ರ ನಿನ್ನೇನಽ ಮುಗೀತಿತ್ತು. ಈಗ ನೀವು. ಹಿಂದ ನೋಡ್ರಿ, ಕಾಕಾ."

"ನೀ ನೋಡು ಹಿಂದ."

ಮೆಟ್ಟಿಲ ಬಾಯಲ್ಲಿ ಆರು ಮಂದಿ ಕೈಗೆ ಕೈ ಕೊಂಡಿ ಹಾಕಿ ನಿಂತಿದ್ದರು. ನಡುವೆ ಭೀಮು. ಎಲ್ಲ ಕೇಳಿಸಿಕೊಂಡಿದ್ದರು.

ರಂಜನ್ ಸಲಾಕೆ ಬೀಸಿದ. ನಾನು ಕುಕ್ಕರಿಸಿದೆ, ಅದು ತಲೆಯ ಮೇಲೆ ಗಾಳಿ ಸೀಳಿ ಹೋಯಿತು. ಅವನು ಮೆಟ್ಟಿಲಿಗೆ ನುಗ್ಗಿದ. ಭೀಮು ಕಣಕಾಲು ಹಿಡಿದ, ಉಳಿದವರು ಮೇಲೆ ಬಿದ್ದರು. ಬ್ಯಾಂಡೇಜು ನಾನೇ ಬಿಚ್ಚಿದೆ. ಈ ಸಲ ಅಂಕಿ ನೆಟ್ಟಗೇ ಇತ್ತು.

ಸಂಜೆಯ ಹೊತ್ತಿಗೆ ಅಂಬರೀಶ ಹೊರಬಂದ. ಸುಲೋಚನಾ ಠಾಣೆಯ ಬಾಗಿಲಲ್ಲೇ ನಿಂತಿದ್ದಳು. ಇನ್ಸ್‌ಪೆಕ್ಟರ್ ಕೊನೆಗೂ ತಲೆ ಎತ್ತಿ ಗಡಿಯಾರ ನೋಡಿದ. ಬಹಳ ಹೊತ್ತು ನೋಡಿದ. ಟೈಮ್ ಎಷ್ಟೆಂದು ನಾನು ಕೇಳಲಿಲ್ಲ. ಮುದುಕರಿಗೂ ಸ್ವಲ್ಪ ದಯೆ ಇರಬೇಕು.

ರಂಜನ್‌ನನ್ನು ಮೂಲೆಯ ಬೆಂಚಿನ ಮೇಲೆ ಕೂರಿಸಿದ್ದರು.

ಅವನಿಗೆ ತೊಂದರೆಯೇನೂ ಆದಂತೆ ಕಾಣಲಿಲ್ಲ. ಮೂರು ಸೀಸನ್ನಿನ ಪ್ರಾಕ್ಟೀಸು.